ಸ್ವಾವಲಂಬಿ ಕಮ್ಯೂನ್‌ಗಳು ಮತ್ತು ಸಮಾಜವಾದಿ ಬದಲಾವಣೆ: ಆಸ್ಟ್ರೇಲಿಯಾದ ಅನುಭವ

ನೆಲ, ದುಡಿಮೆ, ಅಡುಗೆಮನೆ, ಹಣದ ಪೆಟ್ಟಿಗೆ ಇವಿಷ್ಟನ್ನೂ ಒಟ್ಟಿಗಿಟ್ಟುಕೊಂಡು, ಹೊರಗಿನ ಮಾರುಕಟ್ಟೆಯ ಹಂಗನ್ನು ಆದಷ್ಟು ಕಡಿಮೆ ಮಾಡಿಕೊಂಡು ಬದುಕುವ ಜನರ ವಸತಿಯನ್ನು ಸ್ವಾವಲಂಬಿ ಕಮ್ಯೂನ್ ಎನ್ನುತ್ತಾರೆ. ಇಂಥ ವಸತಿಗಳು ತಮ್ಮ ಸದಸ್ಯರಿಗೆ ನೆಮ್ಮದಿ ಕೊಡುವುದರ ಜೊತೆಗೆ ಇಡೀ ಸಮಾಜವನ್ನು ಸಮಾಜವಾದದ ಕಡೆಗೆ ಒಯ್ಯಬಲ್ಲವೇ ಎಂಬ ಚರ್ಚೆ ಇನ್ನೂರು ವರ್ಷಗಳಷ್ಟು ಹಳೆಯದು. ಆಸ್ಟ್ರೇಲಿಯಾದಲ್ಲಿ ಇದು ಬರಿಯ ಚರ್ಚೆಯಾಗಿ ಉಳಿಯಲಿಲ್ಲ. ಬ್ರಿಸ್ಬೇನಿನ ಕಾರ್ಮಿಕ ಪತ್ರಕರ್ತರು, ಅಡಿಲೇಡಿನ ನಿರುದ್ಯೋಗಿಗಳು, ಪರ್ತ್‌ನಿಂದ ಬಹುದೂರ ಉತ್ತರದ ಮೂಲನಿವಾಸಿ ಕೂಲಿಗಳು ತಮ್ಮ ಬದುಕನ್ನೇ ಪಣಕ್ಕಿಟ್ಟು ಇದನ್ನು ಪರೀಕ್ಷಿಸಿ ನೋಡಿದರು.

ಬ್ರಿಟಿಷ್ ಸಮಾಜವಾದಿ ರಾಬರ್ಟ್ ಓವನ್ 1825ರಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ನ್ಯೂ ಹಾರ್ಮನಿ ಎಂಬ ಕಮ್ಯೂನನ್ನು ಆರಂಭಿಸಿದ. ಕೆಲವೇ ವರ್ಷಗಳಲ್ಲಿ ಅದು ಒಡೆಯಿತು. ಮಾರ್ಕ್ಸ್ ಮತ್ತು ಎಂಗೆಲ್ಸ್ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಲ್ಲಿ ಇಂಥ ಪ್ರಯೋಗಗಳನ್ನು ವರ್ಗಸಂಘರ್ಷದಿಂದ ದೂರ ಸರಿಯುವ ಕನಸುಗಳೆಂದು ಟೀಕಿಸಿದರು. ಆದರೂ ಮಾರ್ಕ್ಸ್‌ನ ನಿಲುವು ಜನ ನೆನೆಸುವಷ್ಟು ಬಿಗಿಯಾಗಿರಲಿಲ್ಲ. 1864ರಲ್ಲಿ ಅವನು ಕಾರ್ಮಿಕರ ಸಹಕಾರಿ ಕಾರ್ಖಾನೆಗಳನ್ನು ಹೊಗಳಿದ. 1881ರಲ್ಲಿ ರಷ್ಯದ ಕ್ರಾಂತಿಕಾರಿ ವೆರಾ ಜಾಸುಲಿಚ್‌ಗೆ ಬರೆದ ಪತ್ರದಲ್ಲಿ, ರಷ್ಯದ ಹಳ್ಳಿಗಳ ಸಾಮೂಹಿಕ ಒಡೆತನವು ಹೊಸ ಸಮಾಜಕ್ಕೆ ಆಧಾರವಾಗಬಹುದು, ಆದರೆ ಅದನ್ನು ಸುತ್ತಲಿಂದ ಹಿಂಡುತ್ತಿರುವ ಶಕ್ತಿಗಳನ್ನು ಮೊದಲು ತೊಲಗಿಸಬೇಕು ಎಂದ. ಆಸ್ಟ್ರೇಲಿಯಾದ ಕಥೆಯನ್ನು ಅರಿಯಲು 1881ರ ಈ ಮಾತೇ ಹೆಚ್ಚು ನೆರವಾಗುತ್ತದೆ.

ಬ್ರಿಸ್ಬೇನ್: ಮುಷ್ಕರದ ಸೋಲಿನಿಂದ ಪರಾಗ್ವೆಗೆ

1891ರಲ್ಲಿ ಕ್ವೀನ್ಸ್‌ಲ್ಯಾಂಡಿನ ಉಣ್ಣೆ ಕತ್ತರಿಸುವ ಕಾರ್ಮಿಕರು ಬಾರ್ಕಾಲ್ಡಿನ್ ಊರನ್ನು ನೆಲೆ ಮಾಡಿಕೊಂಡು ದೊಡ್ಡ ಮುಷ್ಕರ ಹೂಡಿದರು. ಸರ್ಕಾರ ಸೈನಿಕರನ್ನು ಕಳಿಸಿತು, ಒಳಸಂಚಿನ ಆರೋಪದ ಮೇಲೆ ನಾಯಕರಿಗೆ ಮೂರು ವರ್ಷ ಸೆರೆಮನೆಯಾಯಿತು. ಸೋತ ಕಾರ್ಮಿಕರ ಮುಂದೆ ಮೂರು ದಾರಿಗಳಿದ್ದವು, ಮೂರನ್ನೂ ಅವರು ಹಿಡಿದರು.

ಮೊದಲನೆಯದು ನಾಡನ್ನೇ ಬಿಟ್ಟು ಹೋಗುವುದು. ಬ್ರಿಸ್ಬೇನಿನಲ್ಲಿ ‘ವರ್ಕರ್’ ಪತ್ರಿಕೆಯ ಸಂಪಾದಕನಾಗಿದ್ದ ವಿಲಿಯಂ ಲೇನ್ ಇದರ ಮುಂದಾಳು. ಪರಾಗ್ವೆ ಸರ್ಕಾರ ನೆಲ ಕೊಡಲು ಒಪ್ಪಿತು. 1870ರಲ್ಲಿ ಮುಗಿದ ಯುದ್ಧದಲ್ಲಿ ಆ ದೇಶ ತನ್ನ ಗಂಡಸರಲ್ಲಿ ಬಹುಪಾಲನ್ನು ಕಳೆದುಕೊಂಡಿತ್ತು, ಅದಕ್ಕೆ ದುಡಿಯುವ ಕೈಗಳು ಬೇಕಿದ್ದವು. ತಮ್ಮಲ್ಲಿದ್ದುದನ್ನೆಲ್ಲ ಸಂಘಕ್ಕೆ ಒಪ್ಪಿಸಿದ ಸುಮಾರು 220 ಜನ 1893ರ ಜುಲೈ 16ರಂದು ‘ರಾಯಲ್ ಟಾರ್’ ಹಡಗಿನಲ್ಲಿ ಸಿಡ್ನಿ ಬಿಟ್ಟರು. ಎರಡನೆಯ ತಂಡ ಅದೇ ವರ್ಷದ ಕೊನೆಗೆ ಅಡಿಲೇಡಿನ ಬಂದರಿನಿಂದ ಹೊರಟಿತು. ಈ ವಸಾಹತಿನ ಹೆಸರು ‘ನ್ಯೂ ಆಸ್ಟ್ರೇಲಿಯಾ’.

ಎರಡನೆಯ ತಂಡ ತಲುಪುವ ಮುಂಚೆಯೇ ಒಡಕು ಕಾಣಿಸಿತು. ಮದ್ಯ ಮುಟ್ಟಬಾರದೆಂಬ ನಿಯಮ ಮುರಿದವರನ್ನು ಲೇನ್ ಪರಾಗ್ವೆಯ ಸೈನಿಕರ ನೆರವಿನಿಂದ ಹೊರಹಾಕಿದ. ಸೈನಿಕರನ್ನು ಕಂಡು ಕನಲಿ ಊರು ಬಿಟ್ಟವನೇ ಕೆಲವೇ ತಿಂಗಳಲ್ಲಿ ಸೈನಿಕರನ್ನು ಕರೆಸಿದ್ದು ಅನೇಕರಿಗೆ ಸಹಿಸಲಾಗಲಿಲ್ಲ, ದೊಡ್ಡ ಗುಂಪೇ ಹೊರನಡೆಯಿತು. 1894ರಲ್ಲಿ ಲೇನ್ ತನ್ನ ನಿಷ್ಠರೊಂದಿಗೆ ಕೋಸ್ಮೆ ಎಂಬ ಮತ್ತೊಂದು ವಸಾಹತು ಕಟ್ಟಿದ, 1899ರಲ್ಲಿ ಅದನ್ನೂ ಬಿಟ್ಟು ನ್ಯೂಜಿಲೆಂಡಿಗೆ ಹೋದ. ಅಲ್ಲಿ ಸಂಪ್ರದಾಯವಾದಿ ಪತ್ರಿಕೆಯೊಂದರ ಸಂಪಾದಕನಾಗಿ 1917ರಲ್ಲಿ ತೀರಿಕೊಂಡ. ಕೋಸ್ಮೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಕವಯಿತ್ರಿ ಮೇರಿ ಗಿಲ್ಮೋರ್ ಮಾತ್ರ ಹಿಂದಿರುಗಿದ ಮೇಲೂ ಬದುಕಿನುದ್ದಕ್ಕೂ ಕಾರ್ಮಿಕ ಚಳವಳಿಯ ಜೊತೆಗೇ ಉಳಿದಳು. ಆಸ್ಟ್ರೇಲಿಯಾದ ಹತ್ತು ಡಾಲರ್ ನೋಟಿನ ಮೇಲೆ ಇಂದು ಅವಳ ಚಿತ್ರವಿದೆ.

ಲೇನ್‌ನ ಸೋಲಿಗೆ ಅವನ ಸರ್ವಾಧಿಕಾರಿ ಸ್ವಭಾವವನ್ನೇ ಕಾರಣವಾಗಿ ಹೇಳುವುದು ರೂಢಿ. ಅದಕ್ಕಿಂತ ಆಳವಾದ ದೋಷ ಯೋಜನೆಯ ಬುಡದಲ್ಲೇ ಇತ್ತು. ಅವನ ಕಮ್ಯೂನ್ ಬಿಳಿಯರಿಗೆ ಮಾತ್ರ ಮೀಸಲು. ಸುತ್ತಲಿನ ಗ್ವಾರಾನಿ ಜನರೊಂದಿಗೆ ಮದುವೆ ಸಂಬಂಧ ನಿಷಿದ್ಧ. ಚೀನೀ ಕಾರ್ಮಿಕರ ವಿರುದ್ಧ ಅವನು ಬ್ರಿಸ್ಬೇನಿನಲ್ಲಿ ಬರೆದ ಬರಹಗಳು ಇಂದಿಗೂ ಓದುಗರನ್ನು ನಾಚಿಸುತ್ತವೆ. ಪಕ್ಕದ ಹಳ್ಳಿಯ ಬಡವನನ್ನು ಪಂಕ್ತಿಗೆ ಕೂರಿಸದ ಸಮಾನತೆ ತನ್ನ ಬೇಲಿಯಾಚೆಗೆ ಹರಡಲು ಸಾಧ್ಯವೇ ಇರಲಿಲ್ಲ.

ಎರಡನೆಯ ದಾರಿ ಹತ್ತಿರದಲ್ಲೇ ನೆಲೆಯೂರುವುದು. ಮುಷ್ಕರ ಮುಗಿದ ವರ್ಷವೇ ಬಾರ್ಕಾಲ್ಡಿನ್ ಬಳಿಯ ಆಲಿಸ್ ನದಿಯ ದಡದಲ್ಲಿ ಕಾರ್ಮಿಕರು ಸಹಕಾರಿ ವಸಾಹತು ಹೂಡಿದರು. 1893ರಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರವೇ ಸಹಕಾರಿ ಸಮುದಾಯಗಳಿಗೆ ಭೂಮಿ ಕೊಡುವ ಕಾನೂನು ತಂದಿತು. ಇಂದು ಗಬ್ಬಾ ಕ್ರಿಕೆಟ್ ಮೈದಾನದಿಂದ ಹೆಸರಾದ ಬ್ರಿಸ್ಬೇನಿನ ವುಲೂನ್‌ಗಬ್ಬಾ ಬಡಾವಣೆಯಿಂದಲೂ ಒಂದು ಗುಂಪು ವೇಬಾ ಕೆರೆಯ ಕಡೆಗೆ ಹೊರಟಿತು. ಆದರೆ ಸರ್ಕಾರದ ಉದ್ದೇಶ ಸಮಾಜವಾದವಾಗಿರಲಿಲ್ಲ, ನಿರುದ್ಯೋಗಿಗಳನ್ನು ನಗರದಿಂದ ಸಾಗಹಾಕುವುದಾಗಿತ್ತು. ಅನನುಭವಿಗಳ ಕೈಗೆ ಕಳಪೆ ನೆಲ, ಅಲ್ಪ ಸಾಲ ಸಿಕ್ಕಿತು, ಬಹುತೇಕ ಗುಂಪುಗಳು ಕೆಲವೇ ವರ್ಷಗಳಲ್ಲಿ ಚೆದುರಿದವು.

ಮೂರನೆಯದು ಮತಪೆಟ್ಟಿಗೆ. ನಾಡು ಬಿಡದೆ ಉಳಿದವರು ಕಟ್ಟಿದ ಲೇಬರ್ ಪಕ್ಷ 1899ರ ಡಿಸೆಂಬರಿನಲ್ಲಿ ಆಂಡರ್ಸನ್ ಡಾಸನ್ ನಾಯಕತ್ವದಲ್ಲಿ ಕ್ವೀನ್ಸ್‌ಲ್ಯಾಂಡಿನ ಅಧಿಕಾರ ಹಿಡಿಯಿತು. ಒಂದೇ ವಾರ ಬಾಳಿದರೂ ಅದು ಜಗತ್ತಿನ ಮೊದಲ ಕಾರ್ಮಿಕ ಸರ್ಕಾರ. ಲೇನ್ ಕೋಸ್ಮೆಯನ್ನು ತೊರೆದದ್ದೂ ಅದೇ ವರ್ಷ. ಈ ಪಕ್ಷವೂ ಬಿಳಿಯ ಆಸ್ಟ್ರೇಲಿಯಾ ನೀತಿಯನ್ನು ಎತ್ತಿಹಿಡಿದಿತ್ತು ಎಂಬುದನ್ನು ಮರೆಯಬಾರದು: 1901ರ ವಲಸೆ ಕಾನೂನು ಬಂದ ಮೇಲೆ ಧಾರವಾಡದಿಂದಲೋ ಮಂಗಳೂರಿನಿಂದಲೋ ಹೋದವನಿಗೆ ನೆಲೆಸಲು ಬಾಗಿಲು ಮುಚ್ಚಿತ್ತು.

ಅಡಿಲೇಡ್: ಮರ್ರೆ ನದಿಯ ಹಳ್ಳಿಗಳು

1893ರಲ್ಲಿ ಬ್ಯಾಂಕುಗಳು ಮುಳುಗಿ ಅಡಿಲೇಡಿನ ಬೀದಿಗಳಲ್ಲಿ ನಿರುದ್ಯೋಗಿಗಳು ತುಂಬಿದಾಗ ಚಾರ್ಲ್ಸ್ ಕಿಂಗ್‌ಸ್ಟನ್ ಸರ್ಕಾರ ಭೂ ಕಾನೂನನ್ನು ತಿದ್ದಿ, ಇಪ್ಪತ್ತು ಅಥವಾ ಹೆಚ್ಚು ಜನ ಸಂಘ ಕಟ್ಟಿಕೊಂಡರೆ ಮರ್ರೆ ನದಿಯ ದಂಡೆಯಲ್ಲಿ ನೆಲ ಮತ್ತು ಮುಂಗಡ ಕೊಡುವುದಾಗಿ ಸಾರಿತು. 1894ರಲ್ಲಿ ಕುಟುಂಬಗಳು ರೈಲಿನಲ್ಲಿ ಮಾರ್ಗನ್‌ಗೆ ಹೋಗಿ ಅಲ್ಲಿಂದ ದೋಣಿಯಲ್ಲಿ ಮೇಲಕ್ಕೆ ಸಾಗಿದವು. ಲೈರಪ್, ಪಯಾಪ್, ಹೋಲ್ಡರ್, ವೈಕೆರಿ, ಮೂರುಕ್, ಮುರ್ತೋ ಎಂಬ ಹಳ್ಳಿಗಳು ಎದ್ದವು. ಕೆಲವು ಕಡೆ ಹಣದ ಬದಲು ಕೂಪನ್ ನಡೆಯಿತು, ಊಟದ ಸಾಮಾನು ತಲೆಯೆಣಿಕೆಯ ಮೇಲೆ ಹಂಚಿಕೆಯಾಯಿತು.

ಇವನ್ನು ಸೋಲಿಸಿದ್ದು ಮುಖ್ಯವಾಗಿ ನೀರು. ಮಳೆ ಕಡಿಮೆಯ ಸೀಮೆ, ನದಿಯೋ ಎತ್ತರದ ದಂಡೆಯ ಕೆಳಗೆ. ನೀರೆತ್ತಲು ಸ್ಟೀಮ್ ಪಂಪು ಬೇಕು, ಪಂಪಿಗೆ ಸಾಲ ಬೇಕು, ಹಣ್ಣಿನ ಗಿಡ ಫಲ ಕೊಡಲು ವರ್ಷಗಳು ಬೇಕು. ಸಾಲ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಸಾಲ ಕೊಟ್ಟ ಸರ್ಕಾರ ಸಂಘದ ಆಡಳಿತದಲ್ಲೂ ಕೈಹಾಕಿತು. ಶತಮಾನ ಮುಗಿಯುವ ಹೊತ್ತಿಗೆ ಹೆಚ್ಚಿನ ಹಳ್ಳಿಗಳ ನೆಲ ಬಿಡಿ ಬಿಡಿ ಹಿಡುವಳಿಯಾಯಿತು. ಲೈರಪ್ ಒಂದರಲ್ಲಿ ಮಾತ್ರ ಹಳೆಯ ಗ್ರಾಮಸಂಘ ಉಳಿದುಕೊಂಡಿದೆ. ಆದರೂ ಇಂದಿನ ರಿವರ್‌ಲ್ಯಾಂಡ್‌ನ ಕಿತ್ತಳೆ ತೋಟಗಳಿಗೂ ದ್ರಾಕ್ಷಿ ತೋಟಗಳಿಗೂ ಆ ಜನ ಮೊದಲು ತೋಡಿದ ಕಾಲುವೆಗಳ ಋಣವಿದೆ. ಅವರ ದುಡಿಮೆ ಉಳಿಯಿತು, ಒಡೆತನ ಬದಲಾಯಿತು.

ಪರ್ತ್‌ನ ಹತ್ತಿರವೂ ಸಾಮೂಹಿಕ ದುಡಿಮೆಯ ಒಂದು ಯೋಜನೆ ನಡೆಯಿತು. ದಕ್ಷಿಣದ ಬಡಾವಣೆಗಳನ್ನು ದಾಟಿ ಇನ್ನೂ ಕೆಳಗಿಳಿದರೆ ಸಿಗುವ ಬಾಲ್ಡಿವಿಸ್, 1920ರ ದಶಕದ ಗುಂಪು ವಸಾಹತು ಯೋಜನೆಯ ಕೂಸು. ಬಾಲ್ರನಾಲ್ಡ್, ಡಯೋಜಿನಿಸ್, ಜರ್ವಿಸ್ ಬೇ ಎಂಬ ಮೂರು ವಲಸೆ ಹಡಗುಗಳ ಹೆಸರಿನ ತುಣುಕುಗಳಿಂದ ಊರಿನ ಹೆಸರಾಯಿತು. ಬ್ರಿಟನ್ನಿನಿಂದ ಬಂದವರು ಒಟ್ಟಾಗಿ ಕಾಡು ಕಡಿಯುವುದು, ಬಳಿಕ ಪ್ರತಿ ಕುಟುಂಬ ತನ್ನ ಪಾಲಿನ ಡೈರಿ ನಡೆಸುವುದು ಎಂಬುದು ಯೋಜನೆ. ಅದರಲ್ಲಿ ಸಮಾಜವಾದದ ಉದ್ದೇಶವೇ ಇರಲಿಲ್ಲ, ಬಹುಪಾಲು ಜನ ಸಾಲದಲ್ಲಿ ಮುಳುಗಿ ನೆಲ ಬಿಟ್ಟರು.

ಪಿಲ್ಬರಾ: ಮುಷ್ಕರವನ್ನು ಸಾಕಿದ ಸ್ವಾವಲಂಬನೆ

ಈ ಎಲ್ಲ ಪ್ರಯೋಗಗಳೂ ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲದ ಮೇಲೆ ನಡೆದವು. ಆ ಮೂಲನಿವಾಸಿಗಳೇ ನಡೆಸಿದ ಪ್ರಯೋಗಕ್ಕೆ ಈ ಚರ್ಚೆಯಲ್ಲಿ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ. ಪಶ್ಚಿಮ ಆಸ್ಟ್ರೇಲಿಯಾದ ಉತ್ತರಕ್ಕಿರುವ ಪಿಲ್ಬರಾದ ಕುರಿ ಸಾಕಣೆ ಕೇಂದ್ರಗಳು ಅವರ ದುಡಿಮೆಯಿಂದಲೇ ನಡೆಯುತ್ತಿದ್ದವು. ಕೂಲಿಯೆಂದು ಅನೇಕರಿಗೆ ಸಿಗುತ್ತಿದ್ದುದು ಹಿಟ್ಟು, ಸಕ್ಕರೆ, ಟೀ ಪುಡಿ, ಹೊಗೆಸೊಪ್ಪು. ಕೆಲಸ ಬಿಟ್ಟು ಹೋಗುವುದಕ್ಕೂ ಕಾನೂನಿನ ಅಡ್ಡಿಯಿತ್ತು. 1942ರಲ್ಲಿ ಸ್ಕಲ್ ಸ್ಪ್ರಿಂಗ್ಸ್ ಎಂಬಲ್ಲಿ ಹಲವು ಭಾಷೆಗಳ ಹಿರಿಯರು ಸೇರಿ, ಯುದ್ಧ ಮುಗಿದ ಮೇಲೆ ಮುಷ್ಕರ ಹೂಡಲು ನಿಶ್ಚಯಿಸಿದರು. ಓದುಬರಹ ಬಾರದವರಿಗೆ ದಿನ ಗುರುತಿಸಲೆಂದೇ ಕ್ಯಾಲೆಂಡರ್ ಮಾಡಿ ಕೇಂದ್ರದಿಂದ ಕೇಂದ್ರಕ್ಕೆ ಒಯ್ದರು. 1946ರ ಮೇ 1ರಿಂದ ಸುಮಾರು 800 ಜನ ಕೆಲಸ ಬಿಟ್ಟು ಹೊರನಡೆದರು. ಮುಷ್ಕರದ ಮುಂದಾಳುಗಳಾದ ಡೂಲಿ ಬಿನ್ ಬಿನ್, ಕ್ಲಾನ್ಸಿ ಮೆಕೆನ್ನಾ ಮತ್ತು ಅವರ ಬಿಳಿಯ ಸಂಗಾತಿ ಡಾನ್ ಮೆಕ್ಲಿಯೋಡ್ ಸೆರೆಮನೆ ಕಂಡರು.

ಮುಷ್ಕರ ಮೂರು ವರ್ಷ ನಡೆಯಿತು. ಸಂಘಗಳ ನಿಧಿಯಿಲ್ಲದ ಜನ ಅಷ್ಟು ಕಾಲ ಹೇಗೆ ಬದುಕಿದರು ಎಂಬುದೇ ಇಲ್ಲಿ ಮುಖ್ಯ. ಪೋರ್ಟ್ ಹೆಡ್‌ಲ್ಯಾಂಡ್ ಮತ್ತು ಮಾರ್ಬಲ್ ಬಾರ್ ಬಳಿ ಶಿಬಿರ ಹೂಡಿ, ಕೈಯಿಂದ ತವರದ ಅದಿರು ಸೋಸಿದರು. ಆಡು, ಕಾಂಗರೂ ತೊಗಲು, ಹುಲ್ಲಿನ ಬೀಜ, ಮುತ್ತಿನ ಚಿಪ್ಪು ಮಾರಿದರು. ಬಂದ ಹಣವನ್ನು ಒಂದೇ ಗಂಟಾಗಿ ಇಟ್ಟು ಎಲ್ಲರಿಗೂ ಊಟ ಹಾಕಿದರು. ನೆಲದ ಅರಿವು ಅವರದೇ ಆದ್ದರಿಂದ ಹಸಿವನ್ನು ತೋರಿಸಿ ಅವರನ್ನು ಹಿಂದಕ್ಕೆ ಎಳೆಯುವುದು ಮಾಲೀಕರಿಗೆ ಕಷ್ಟವಾಯಿತು. ಪರ್ತ್‌ನಲ್ಲಿ ಬೆಂಬಲ ಸಮಿತಿ ಹುಟ್ಟಿತು, 1949ರಲ್ಲಿ ಹಡಗು ಕಾರ್ಮಿಕರ ಸಂಘ ಆ ಕೇಂದ್ರಗಳ ಉಣ್ಣೆಯನ್ನು ಸಾಗಿಸುವುದಿಲ್ಲ ಎಂದು ಬಹಿಷ್ಕಾರ ಹಾಕಿತು. ಶಿಬಿರದ ಸ್ವಾವಲಂಬನೆ ಕಾಲವನ್ನು ಗೆದ್ದುಕೊಟ್ಟಿತು, ಬಂದರಿನ ಬಹಿಷ್ಕಾರ ಮಾಲೀಕರ ಮೇಲೆ ಒತ್ತಡ ತಂದಿತು. ಎರಡರಲ್ಲಿ ಯಾವುದೊಂದೂ ಒಂಟಿಯಾಗಿ ಸಾಕಾಗುತ್ತಿರಲಿಲ್ಲ.

ಮುಷ್ಕರದ ಬಳಿಕ ಅನೇಕರು ಹಳೆಯ ಕೂಲಿಗೆ ಮರಳಲೇ ಇಲ್ಲ. 1951ರಲ್ಲಿ ತಮ್ಮದೇ ಗಣಿ ಕಂಪನಿ ಕಟ್ಟಿದರು, ಕುರಿ ಕೇಂದ್ರಗಳನ್ನೂ ಕೊಂಡರು. ಆ ಕಂಪನಿ ಕೆಲವೇ ವರ್ಷಗಳಲ್ಲಿ ಸಾಲದಿಂದ ಮುಚ್ಚಿತು, ಅದರ ಬಳಿಕ ಪಿಂಡಾನ್ ಎಂಬ ಸಂಸ್ಥೆ ಹುಟ್ಟಿ ಅದೂ ಎರಡಾಗಿ ಒಡೆಯಿತು. ಒಂದು ಬಣ ಮುಂದೆ ಸ್ಟ್ರೆಲಿ ಕೇಂದ್ರವನ್ನು ಪಡೆದು 1976ರಲ್ಲಿ ತನ್ನ ಮಕ್ಕಳಿಗೆ ತಾಯ್ನುಡಿಯಲ್ಲೂ ಕಲಿಸುವ ಸ್ವತಂತ್ರ ಶಾಲೆ ತೆರೆಯಿತು.

ಇದಕ್ಕೆ ಹೋಲುವ ಉದಾಹರಣೆ ಕನ್ನಡ ಸೀಮೆಯ ಅಂಚಿನಲ್ಲೇ ಇದೆ. ಬೀಡಿ ಕಾರ್ಮಿಕರ ರಕ್ಷಣೆಯ ಕಾನೂನು ಜಾರಿಯಾದಾಗ ಮಂಗಳೂರಿನ ಮಾಲೀಕರು ಆಗಿನ ಕಣ್ಣೂರು ಜಿಲ್ಲೆಯಲ್ಲಿ ಕೆಲಸ ನಿಲ್ಲಿಸಿದರು. ಕಾಸರಗೋಡೂ ಆಗ ಆ ಜಿಲ್ಲೆಯೊಳಗೇ ಇತ್ತು. ಬೀದಿಗೆ ಬಿದ್ದ ಸಾವಿರಾರು ಕಾರ್ಮಿಕರು ಸಂಘಟನೆಯ ಬಲ ಮತ್ತು ಕೇರಳ ಸರ್ಕಾರದ ನೆರವಿನಿಂದ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಅದು ಕಮ್ಯೂನ್ ಆಗಿರಲಿಲ್ಲ, ಆದರೆ ಮಾಲೀಕನಿಲ್ಲದೆ ಕಾನೂನುಬದ್ಧ ಕೂಲಿ ಕೊಟ್ಟು ದಶಕಗಳ ಕಾಲ ನಡೆಯಬಹುದೆಂದು ತೋರಿಸಿತು.

ಇಂದಿನ ಪ್ರಯೋಗಗಳು

1970ರ ದಶಕದಿಂದ ಈಚಿನ ವಸತಿಗಳಲ್ಲಿ ಪರಿಸರದ ಕಾಳಜಿ ಮುಂದಾಗಿದೆ. ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1978ರಲ್ಲಿ ಮಂಡಿಸಿದ ಪರ್ಮಾಕಲ್ಚರ್, ಅಂದರೆ ನಿಸರ್ಗದ ಮಾದರಿಯ ಸುಸ್ಥಿರ ಕೃಷಿ ಮತ್ತು ವಸತಿ ವಿನ್ಯಾಸ, ಇವಕ್ಕೆ ದಾರಿ ತೋರಿತು. ಬ್ರಿಸ್ಬೇನಿನ ಉತ್ತರದಲ್ಲಿ ಮಲೇನಿ ಬಳಿಯ ಕ್ರಿಸ್ಟಲ್ ವಾಟರ್ಸ್, ಅಡಿಲೇಡಿನ ನಡುಪೇಟೆಯ ಕ್ರಿಸ್ಟಿ ವಾಕ್ ಹೆಸರಾದವು. ಸಿಡ್ನಿಯ ಚಿಂತಕ ಟೆಡ್ ಟ್ರೇನರ್ ಇನ್ನೂ ಮುಂದೆ ಹೋಗಿ, ಈಗಿರುವ ಊರು, ಬಡಾವಣೆಗಳನ್ನೇ ಅಲ್ಲಿನ ಜನ ಹಂತ ಹಂತವಾಗಿ ಸ್ವಾವಲಂಬಿಯಾಗಿಸಿದರೆ ಬಂಡವಾಳಶಾಹಿ ತಾನಾಗಿ ಬಡಕಲಾಗುತ್ತದೆ ಎಂದು ವಾದಿಸಿದ್ದಾರೆ. ಕಾಡಿಗೆ ಹೋಗಬೇಕಿಲ್ಲ, ಇದ್ದಲ್ಲೇ ಕಟ್ಟಬಹುದು ಎಂಬುದು ಈ ವಾದದ ಬಲ. ನೆಲ, ನೀರು, ಸಾಲ ಇವುಗಳ ಮೇಲಿನ ಹಿಡಿತವನ್ನು ಯಾರಿಂದ, ಹೇಗೆ ಪಡೆಯಬೇಕು ಎಂಬ ಪ್ರಶ್ನೆಗೆ ಅದರಲ್ಲಿ ಸಾಕಷ್ಟು ಉತ್ತರವಿಲ್ಲ. ಕ್ರಿಸ್ಟಲ್ ವಾಟರ್ಸ್‌ನ ಬಹುಪಾಲು ನೆಲ ಸಾಮೂಹಿಕ ಒಡೆತನದಲ್ಲಿದೆ. ಮನೆ ಕಟ್ಟುವ ನಿವೇಶನಗಳು ಮಾತ್ರ ಖಾಸಗಿ, ಅವು ಮಾರುಕಟ್ಟೆಯ ಬೆಲೆಗೆ ಕೈಬದಲಾಗುತ್ತವೆ. ಕೂಲಿಯನ್ನೇ ನಂಬಿದ ಕುಟುಂಬ ಅಲ್ಲಿ ನೆಲೆಸಬೇಕಾದರೆ ಮೊದಲು ಬ್ಯಾಂಕಿನ ಮೆಟ್ಟಿಲನ್ನೇ ಹತ್ತಬೇಕು.