ಲಿಡಿಯಾ ಬೆಕ್ಕರ್ ಮತ್ತು ಶಾಲಾಮಂಡಲಿಯ ಚುನಾವಣೆಗಳು

ಪ್ರಜಾಪ್ರತಿನಿಧಿಯೆಂದೊಡನೆ ಶಾಸನಸಭೆಯ ಸದಸ್ಯನೇ ಮನಸ್ಸಿಗೆ ಬರುವುದು ಲೋಕರೂಢಿ. ರಾಜಧಾನಿಯಲ್ಲಿ ಆಡಿದ ಮಾತು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಊರಿನ ಶಾಲೆಗೆ ಹಂಚು ಹೊದಿಸಿದವನ, ಉಪಾಧ್ಯಾಯರಿಲ್ಲದೆ ಬೀಗ ಬಿದ್ದಿದ್ದ ಶಾಲೆಗೆ ಉಪಾಧ್ಯಾಯರನ್ನು ಕರೆತಂದವನ ಹೆಸರು ಆ ಊರಿನ ಹಿರಿಯರೊಡನೆಯೇ ಮಣ್ಣಾಗುತ್ತದೆ. ಆದರೂ ಒಂದು ಮಗುವು ಅಕ್ಷರವನ್ನು ಕಲಿಯುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ಈ ಎರಡನೆಯ ಬಗೆಯ ಪ್ರತಿನಿಧಿಯನ್ನೇ ಅವಲಂಬಿಸಿರುತ್ತದೆ.

ಮೂಡಿಗೆರೆ ತಾಲ್ಲೂಕಿನ ಜಾವಳಿಯಂತಹ ಕಡೆಗಳಲ್ಲಿ ಈ ಮಾತು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಹೇಮಾವತಿಯು ಹುಟ್ಟುವ ಈ ಸೀಮೆಯಲ್ಲಿ ಊರೆಂದರೆ ಬೀದಿಯಲ್ಲ. ಗುಡ್ಡಕ್ಕೊಂದು ಮನೆ, ಕಣಿವೆಗೊಂದು ಗದ್ದೆ, ನಡುವೆ ಕಾಫಿಯ ತೋಟ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಕಾಲುಸಂಕವೇ ಗತಿ. ಬಯಲುಸೀಮೆಯ ದೊಡ್ಡ ಗ್ರಾಮದಲ್ಲಿ ಶಾಲೆಯನ್ನು ಎಲ್ಲಿಟ್ಟರೂ ಮಕ್ಕಳು ಕೂಗಳತೆಯಲ್ಲಿಯೇ ಇರುತ್ತಾರೆ. ಇಲ್ಲಿಯಾದರೋ ಹಳ್ಳದ ಈಚೆಗೆ ಕಟ್ಟುವುದೋ ಆಚೆಗೆ ಕಟ್ಟುವುದೋ ಎಂಬುದೊಂದೇ ಎಷ್ಟೋ ಮಕ್ಕಳ ವಿದ್ಯೆಯನ್ನು ನಿರ್ಣಯಿಸಿಬಿಡುತ್ತದೆ. ಈ ನಿರ್ಣಯವನ್ನು ಮಾಡುವವರು ಯಾರು? ಸರ್ಕಾರದ ಅಧಿಕಾರಿಯೆ, ಊರವರು ಆರಿಸಿ ಕಳುಹಿಸಿದವನೆ?

ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ದೊರೆತವು. ಮೊದಲು ಕೂಲಿಮಠಗಳ ಕಾಲ. ಐಗಳಿಗೆ ಊರವರೇ ದವಸಧಾನ್ಯ ಕೊಟ್ಟು ನಡೆಸುತ್ತಿದ್ದ ವ್ಯವಸ್ಥೆ. 1868ರಲ್ಲಿ ಬಿ. ಎಲ್. ರೈಸರು ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ತಂದರು. ಯೋಜನೆ ಒಳ್ಳೆಯದೇ, ಆದರೆ ಮಲೆನಾಡಿನ ಹೋಬಳಿಯ ಒಂದು ತುದಿಯಿಂದ ಶಾಲೆಗೆ ಬರುವ ಹುಡುಗನ ಕಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ. 1902ರ ಶಾಸನದಿಂದ ಜಿಲ್ಲಾ ಮತ್ತು ತಾಲ್ಲೂಕು ಮಂಡಲಿಗಳು ಏರ್ಪಟ್ಟವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಆಯ್ದ ಕೇಂದ್ರಗಳಲ್ಲಿ ವಿದ್ಯಾಭ್ಯಾಸವನ್ನು ಕಡ್ಡಾಯ ಮಾಡಲು ಕಾನೂನು ಬಂದಿತು. 1926ರಲ್ಲಿ ತಾಲ್ಲೂಕು ಮಂಡಲಿಗಳನ್ನು ತೆಗೆದುಹಾಕಿ ಗ್ರಾಮಪಂಚಾಯಿತಿ, ಜಿಲ್ಲಾ ಬೋರ್ಡುಗಳೆರಡನ್ನೇ ಉಳಿಸಿದರು. ಕೊನೆಗೆ 1930ರ ಪ್ರಾಥಮಿಕ ವಿದ್ಯಾಭ್ಯಾಸದ ಶಾಸನವು ಶಾಲೆಗಳ ಆಡಳಿತವನ್ನೇ ಸ್ಥಳೀಯ ವಿದ್ಯಾಧಿಕಾರ ಮಂಡಲಿಗಳಿಗೆ ಒಪ್ಪಿಸಿತು. ಆಗ ಕಡೂರು ಜಿಲ್ಲೆಯೆಂಬ ಹೆಸರಿದ್ದ ಚಿಕ್ಕಮಗಳೂರಿನ ಶಾಲೆಗಳೂ ಈ ವ್ಯವಸ್ಥೆಗೆ ಸೇರಿದವು. ಆದರೆ 1941ರ ಶಾಸನವು ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡಿತು. ಶಾಲೆಗಳು ಮತ್ತೆ ಸರ್ಕಾರದ ಇಲಾಖೆಗೆ ಸೇರಿದವು.

ಹತ್ತು ವರ್ಷಗಳ ಅವಧಿಯೆಂದರೆ ಒಂದು ಸಂಸ್ಥೆಗೆ ಬಾಲ್ಯವೂ ಮುಗಿಯದ ವಯಸ್ಸು. ಯಾವ ಸದಸ್ಯನೇ ಆಗಲಿ ಕೆಲಸವನ್ನು ಕಲಿತು, ತನ್ನ ಸೀಮೆಯ ಶಾಲೆಗಳ ಒಳಹೊರಗನ್ನು ತಿಳಿದು, ಮತದಾರರ ಮುಂದೆ ಮತ್ತೆಮತ್ತೆ ನಿಂತು ಲೆಕ್ಕ ಒಪ್ಪಿಸುವಷ್ಟು ಕಾಲ ಈ ಪದ್ಧತಿಯು ಬಾಳಲಿಲ್ಲ. ಬಾಳಿದ್ದರೆ ಏನಾಗಬಹುದಿತ್ತೆಂಬುದನ್ನು ತಿಳಿಯಬೇಕಾದರೆ ಅದು ಹೆಚ್ಚು ಕಾಲ ನಡೆದ ದೇಶದ ಕಡೆಗೆ ನೋಡಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ ಚುನಾಯಿತ ಶಾಲಾಮಂಡಲಿಗಳು 1870ರಿಂದ ಮೂವತ್ತು ವರ್ಷಗಳಿಗೂ ಮೀರಿ ನಡೆದವು. ಅವುಗಳ ಪೈಕಿ ಮ್ಯಾಂಚೆಸ್ಟರ್ ನಗರದ ಮಂಡಲಿಯಲ್ಲಿ ಒಬ್ಬ ಸದಸ್ಯೆಯು ಮೊದಲನೆಯ ಚುನಾವಣೆಯಿಂದ ತೊಡಗಿ ಸಾಯುವವರೆಗೆ, ಇಪ್ಪತ್ತು ವರ್ಷಕಾಲ, ಒಮ್ಮೆಯೂ ಸೋಲದೆ ಕುಳಿತಿದ್ದಳು. ಆಕೆಯೇ ಲಿಡಿಯಾ ಬೆಕ್ಕರ್.

ಈಕೆಯು 1827ರ ಫೆಬ್ರವರಿ 24ರಂದು ಮ್ಯಾಂಚೆಸ್ಟರಿನಲ್ಲಿ ಹುಟ್ಟಿದಳು. ಅಜ್ಜನು ಜರ್ಮನಿಯಿಂದ ಬಂದು ನೆಲಸಿದವನು. ಹದಿನೈದು ಮಕ್ಕಳ ಸಂಸಾರದಲ್ಲಿ ಈಕೆಯೇ ಹಿರಿಯವಳು. ಹೆಣ್ಣುಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿರದ ಕಾಲವದು. ಆದುದರಿಂದ ಈಕೆಯ ಪಾಠಶಾಲೆಯೆಂದರೆ ಮನೆಯ ಸುತ್ತಣ ಗಿಡಬಳ್ಳಿಗಳು. ಸಸ್ಯಗಳನ್ನು ಒಣಗಿಸಿ ಹಾಳೆಗಳಿಗಂಟಿಸಿ ಸಂಗ್ರಹಿಸಿದಳು. 1864ರಲ್ಲಿ ಮೊದಲಿಗರಿಗಾಗಿ ಸಸ್ಯಶಾಸ್ತ್ರದ ಒಂದು ಪುಸ್ತಕವನ್ನು ಪ್ರಕಟಿಸಿದಳು. ಚಾರ್ಲ್ಸ್ ಡಾರ್ವಿನ್ನನಿಗೆ ಪತ್ರ ಬರೆದು ಗಿಡಗಳನ್ನು ಕಳುಹಿಸಿದಳು. ತನ್ನಂತಹ ಸ್ತ್ರೀಯರಿಗಾಗಿ ಒಂದು ವಿದ್ವದ್ಗೋಷ್ಠಿಯನ್ನು ಏರ್ಪಡಿಸಿದಾಗ ಡಾರ್ವಿನ್ನನು ಅಲ್ಲಿ ಓದುವುದಕ್ಕೆ ತನ್ನ ಲೇಖನಗಳನ್ನು ಕಳುಹಿಸಿಕೊಟ್ಟನು. 1868ರಲ್ಲಿ ನಾರ್ವಿಚ್ಚಿನಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಈಕೆಯು ಓದಿದ ಪ್ರಬಂಧದ ವಿಷಯವು ಗಂಡಿನ ಬುದ್ಧಿಗೂ ಹೆಣ್ಣಿನ ಬುದ್ಧಿಗೂ ಸಹಜವಾದ ಭೇದವುಂಟೆ ಎಂಬುದು. ಇಲ್ಲವೆಂಬುದೇ ಆಕೆಯ ಸಿದ್ಧಾಂತ. ಮುಂದೆ ಶಾಲಾಮಂಡಲಿಯಲ್ಲಿ ಇಪ್ಪತ್ತು ವರ್ಷ ಆಕೆ ಆಡಿದ ಮಾತುಗಳೆಲ್ಲ ಈ ಒಂದು ಬೇರಿನಿಂದ ಚಿಗುರಿದವುಗಳೇ.

ಅಷ್ಟುಹೊತ್ತಿಗೆ ಮತದಾನದ ಹಕ್ಕಿನ ಹೋರಾಟವೂ ಆರಂಭವಾಗಿದ್ದಿತು. 1867ರ ನವೆಂಬರಿನಲ್ಲಿ ಲಿಲಿ ಮ್ಯಾಕ್ಸ್‌ವೆಲ್ಲೆಂಬ ಅಂಗಡಿಯಾಕೆಯ ಹೆಸರು ತಪ್ಪಿನಿಂದ ಮತದಾರರ ಪಟ್ಟಿಯಲ್ಲಿ ಸೇರಿಹೋಗಿತ್ತು. ಬೆಕ್ಕರಳು ಆಕೆಯನ್ನು ಮತಗಟ್ಟೆಗೆ ಕರೆದೊಯ್ದಳು. ಲಿಲಿಯು ಜೇಕಬ್ ಬ್ರೈಟನಿಗೆ ಮತವಿತ್ತಳು. ತಪ್ಪಿನಿಂದಲಾದರೂ ಹೆಣ್ಣೊಬ್ಬಳು ಮತ ಹಾಕಿದಳಲ್ಲ! ಮರುವರ್ಷವೇ ಸಾವಿರಾರು ಸ್ತ್ರೀಯರು ಪಟ್ಟಿಗೆ ಸೇರಿಸಿಕೊಳ್ಳಬೇಕೆಂದು ಹೂಡಿದ ವ್ಯಾಜ್ಯವು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಪಾರ್ಲಿಮೆಂಟಿನ ಮುಂಬಾಗಿಲು ಹೀಗೆ ಮುಚ್ಚಿದರೂ ಪಕ್ಕದ ಬಾಗಿಲುಗಳೆರಡು ತೆರೆದವು. 1869ರಲ್ಲಿ ತೆರಿಗೆ ಕೊಡುವ ಸ್ತ್ರೀಯರಿಗೆ ಪುರಸಭೆಯ ಮತವು ದೊರೆಯಿತು. 1870ರ ವಿದ್ಯಾಭ್ಯಾಸದ ಶಾಸನವು ಹೊಸ ಶಾಲಾಮಂಡಲಿಗಳಿಗೆ ಸ್ತ್ರೀಯರು ಮತ ಕೊಡಬಹುದು ಮಾತ್ರವಲ್ಲ, ತಾವೇ ಉಮೇದುವಾರರಾಗಿಯೂ ನಿಲ್ಲಬಹುದೆಂದು ಅನುಗ್ರಹಿಸಿತು.

ಈ ಚುನಾವಣೆಯ ಕ್ರಮವು ಸ್ವಲ್ಪ ವಿಚಿತ್ರವಾದುದು. ಮ್ಯಾಂಚೆಸ್ಟರಿನ ಮಂಡಲಿಗೆ ಹದಿನೈದು ಸ್ಥಾನಗಳು. ಮೂರು ವರ್ಷಕ್ಕೊಮ್ಮೆ ಚುನಾವಣೆ. ಪ್ರತಿಯೊಬ್ಬ ಮತದಾರನಿಗೂ ಹದಿನೈದು ಮತಗಳಿರುತ್ತಿದ್ದವು. ಅವನ್ನು ಹದಿನೈದು ಮಂದಿಗೆ ಒಂದೊಂದರಂತೆ ಹಂಚಬಹುದು. ಐದೈದರಂತೆ ಮೂವರಿಗೆ ಕೊಡಬಹುದು. ಇಲ್ಲವೆ ಹದಿನೈದನ್ನೂ ಒಬ್ಬರ ಮಡಿಲಿಗೇ ಸುರಿಯಬಹುದು. ಸಂಖ್ಯೆಯಲ್ಲಿ ಸಣ್ಣದಾದ ಮತಪಂಥವೂ ತನ್ನವರನ್ನೊಬ್ಬರನ್ನು ಒಳಗೆ ಕಳುಹಿಸಲೆಂಬುದು ಇದರ ಉದ್ದೇಶ. ರಾಜ್ಯಚರ್ಚಿನವರು, ಕ್ಯಾಥೊಲಿಕರು, ಚರ್ಚಿನಿಂದ ಹೊರಗಿನ ಪ್ರಾಟೆಸ್ಟಂಟರು, ಎಲ್ಲರೂ ಪೆನ್ಸಿಲ್ ಹಿಡಿದು ಲೆಕ್ಕ ಹಾಕತೊಡಗಿದರು. ಎಷ್ಟು ಮಂದಿಯನ್ನು ನಿಲ್ಲಿಸಿದರೆ ಎಷ್ಟು ಮಂದಿ ಗೆಲ್ಲುವರೆಂಬ ಗಣಿತವು ಮಕ್ಕಳ ಗಣಿತಕ್ಕಿಂತಲೂ ಮುಖ್ಯವಾದ ಪಾಠವಾಗಿ ಕುಳಿತಿತು. ಮಂಡಲಿಗಳು ಪಂಥಗಳ ಕಾಳಗದ ಕಣಗಳಾದುದು ಈ ಪದ್ಧತಿಯ ದೋಷ. ಆದರೆ ಯಾವ ಪಂಥಕ್ಕೂ ಯಾವ ಪಕ್ಷಕ್ಕೂ ಸೇರದ ಒಬ್ಬ ಅವಿವಾಹಿತೆಯು ತನ್ನನ್ನು ನಂಬಿದ ಕೆಲವರ ಬಲದಿಂದಲೇ ಒಳಗೆ ಬರಲು ಸಾಧ್ಯವಾದುದೂ ಇದೇ ಪದ್ಧತಿಯಿಂದ. ಲಂಡನ್ನಿನಲ್ಲಿ ಮೊದಲನೆಯ ಚುನಾವಣೆಯಲ್ಲಿಯೇ ವೈದ್ಯೆಯಾದ ಎಲಿಜಬೆತ್ ಗ್ಯಾರೆಟ್ಟಳಿಗೆ 47,858 ಮತಗಳು ಬಂದವು. ಅದೇ ಕ್ಷೇತ್ರದಲ್ಲಿ ಎರಡನೆಯವನಾಗಿ ಬಂದ ಪ್ರಸಿದ್ಧ ವಿಜ್ಞಾನಿ ಹಕ್ಸ್ಲಿಗೆ ಬಂದವು 13,494 ಮಾತ್ರ. ಮ್ಯಾಂಚೆಸ್ಟರಿನಲ್ಲಿ ಬೆಕ್ಕರಳು ಪಂಥನಿರಪೇಕ್ಷ ಸ್ವತಂತ್ರ ಸದಸ್ಯೆಯಾಗಿ ಆರಿಸಿ ಬಂದಳು. ಮೂರು ಮೂರು ವರ್ಷಕ್ಕೊಮ್ಮೆ ಮತ್ತೆ ಮತದಾರರ ಮುಂದೆ ನಿಂತು, ಹಾಗೆಯೇ ಮರಳಿ ಬರುತ್ತಿದ್ದಳು.

ಒಳಗೆ ಹೋಗಿ ಆಕೆ ಮಾಡಿದುದೇನು? ಹುಡುಗಿಯರ ಪಾಠದ ಹೊತ್ತಿನ ಮೇಲೆ ಕಣ್ಣಿಟ್ಟಳು. ಸರ್ಕಾರದ ಸಹಾಯದ್ರವ್ಯ ಬೇಕಾದರೆ ಹುಡುಗಿಯರಿಗೆ ಹೊಲಿಗೆ ಕಲಿಸಲೇಬೇಕೆಂಬ ನಿಯಮವು 1862ರಿಂದಲೂ ಇದ್ದಿತು. ಹುಡುಗರು ಲೆಕ್ಕ ಮಾಡುವ ಹೊತ್ತಿನಲ್ಲಿ ಹುಡುಗಿಯರು ಸೂಜಿ ಹಿಡಿದು ಕುಳಿತಿರುತ್ತಿದ್ದರು. ಪರೀಕ್ಷೆಯಲ್ಲಿ ಲೆಕ್ಕ ಬಾರದೆ ಹೋದರೆ, ಹೆಣ್ಣಿನ ಬುದ್ಧಿಯೇ ಅಷ್ಟೆಂದು ತೀರ್ಮಾನಿಸುವುದಕ್ಕೆ ಅದೊಂದು ಸಾಕ್ಷಿಯಾಗುತ್ತಿತ್ತು. ಬೆಕ್ಕರಳು ಮನೆಗೆಲಸವನ್ನು ಹೀಗಳೆದವಳಲ್ಲ. ಅದು ಅಷ್ಟು ಉಪಯುಕ್ತವಾದ ವಿದ್ಯೆಯಾಗಿದ್ದರೆ ಹುಡುಗರಿಗೂ ಕಲಿಸಬೇಕೆಂದಳು. ಮ್ಯಾಂಚೆಸ್ಟರಿನ ಪ್ರತಿಯೊಬ್ಬ ಹುಡುಗನೂ ತನ್ನ ಕಾಲುಚೀಲವನ್ನು ತಾನೇ ತೇಪೆ ಹಾಕಿಕೊಳ್ಳಲು, ತನ್ನ ಮಾಂಸದ ಅಡಿಗೆಯನ್ನು ತಾನೇ ಮಾಡಿಕೊಳ್ಳಲು ಕಲಿಯಲೆಂದು ಶಾಲೆಯೊಂದರ ಸಮಾರಂಭದಲ್ಲಿಯೇ ಹೇಳಿದಳು. ಕೇಳಿದವರಲ್ಲಿ ನಕ್ಕವರು ಬಹಳ. ಆಕೆಯ ಕನ್ನಡಕವನ್ನೂ ದಪ್ಪ ಮೈಕಟ್ಟನ್ನೂ ಚಿತ್ರಿಸಿ ಹಾಸ್ಯ ಮಾಡುವುದು ಆ ಕಾಲದ ಪತ್ರಿಕೆಗಳಿಗೆ ಹಳೆಯ ಚಾಳಿ. ಒಂದೇ ಅವಧಿಗೆ ಬಂದು ಹೋಗುವ ಸದಸ್ಯೆಯಾಗಿದ್ದರೆ ಈ ನಗೆಯೇ ಆಕೆಯ ಚರಿತ್ರೆಯಾಗುತ್ತಿತ್ತು. ಮೂರು ವರ್ಷ ಕಳೆದು ಮತ್ತೆ ಅದೇ ಪೀಠದಲ್ಲಿ ಬಂದು ಕುಳಿತು, ಅದೇ ಮಾತನ್ನು ಅದೇ ನಿಧಾನದಿಂದ ಮತ್ತೆ ಹೇಳುವವಳನ್ನು ನಕ್ಕು ತಳ್ಳುವುದು ಕಷ್ಟ.

ಕಡ್ಡಾಯದ ಪ್ರಶ್ನೆಯು ಇನ್ನೂ ಬಿಕ್ಕಟ್ಟಿನದು. ಐದರಿಂದ ಹದಿಮೂರು ವರ್ಷದೊಳಗಿನ ಮಕ್ಕಳನ್ನು ಶಾಲೆಗೆ ಕರೆಸುವ ಉಪನಿಯಮಗಳನ್ನು ಮಾಡುವ ಅಧಿಕಾರವು ಮಂಡಲಿಗಿದ್ದಿತು. ಆದರೆ ಮ್ಯಾಂಚೆಸ್ಟರಿನದು ಹತ್ತಿಗಿರಣಿಗಳ ಸೀಮೆ. ಅರ್ಧದಿನ ಗಿರಣಿ, ಅರ್ಧದಿನ ಶಾಲೆ ಎಂಬ ಮಕ್ಕಳು ಅಲ್ಲಿ ಬಹುಮಂದಿ. ಅವರ ಕೂಲಿಯಿಲ್ಲದೆ ಮನೆ ನಡೆಯದು. ಶಾಲೆಯಲ್ಲಿ ಶುಲ್ಕವೂ ಇದ್ದಿತು. 1891ರವರೆಗೆ ಅದು ಬಹುತೇಕ ಹೋಗಲಿಲ್ಲ. ಕಾಫಿಸೀಮೆಯನ್ನು ಬಲ್ಲವರಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ತಾಯಿತಂದೆಗಳು ತೋಟಕ್ಕೆ ಹೋದರೆ ಲೈನ್ ಮನೆಗಳಲ್ಲಿ ಕೂಸನ್ನು ನೋಡಿಕೊಳ್ಳುವ ಪಾಲು ದೊಡ್ಡ ಹುಡುಗಿಗೆ ಬೀಳುತ್ತದೆ; ಆಕೆಯ ಪಾಟಿಯು ಮೂಲೆ ಸೇರುತ್ತದೆ. 1951ರ ತೋಟಕಾರ್ಮಿಕರ ಶಾಸನವು, ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು ಇಪ್ಪತ್ತೈದಕ್ಕೆ ಮೀರಿದ ತೋಟಗಳಲ್ಲಿ ಮಾಲೀಕರೇ ವಿದ್ಯಾಭ್ಯಾಸದ ಏರ್ಪಾಡು ಮಾಡಬೇಕೆಂದು ನಿಯಮ ರಚಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಬರೆದ ನಿಯಮಕ್ಕೂ ಹಾಜರಿಯ ಪುಸ್ತಕಕ್ಕೂ ನಡುವೆ ಊರನ್ನು ಬಲ್ಲ ಒಬ್ಬ ಮನುಷ್ಯನಿರಬೇಕಾದುದು ಎರಡು ದೇಶಗಳಿಗೂ ಸಮಾನವಾದ ಅಗತ್ಯ.

ಬೆಕ್ಕರಳನ್ನು ದೇವತೆಯನ್ನಾಗಿ ಮಾಡುವುದು ಬೇಡ. ವಿವಾಹಿತೆಯರನ್ನು ಬಿಟ್ಟು ಅವಿವಾಹಿತೆಯರಿಗೂ ವಿಧವೆಯರಿಗೂ ಮಾತ್ರ ಪಾರ್ಲಿಮೆಂಟಿನ ಮತ ಕೊಡುವ ಮಸೂದೆಗೆ ಆಕೆಯು 1874ರಲ್ಲಿ ಒಪ್ಪಿದಳು. ಸಿಕ್ಕಷ್ಟನ್ನು ಮೊದಲು ಪಡೆಯೋಣವೆಂಬುದು ಆಕೆಯ ವಾದ. ಜೊತೆಗಾರರಲ್ಲಿ ಅನೇಕರಿಗೆ ಅದು ದ್ರೋಹವೆಂದೇ ತೋರಿತು. ಅವರ ಕೋಪಕ್ಕೆ ಕಾರಣವಿಲ್ಲದೆ ಇರಲಿಲ್ಲ. ಮದುವೆಯೆಂಬುದೇ ಅನರ್ಹತೆಯಾದರೆ ಹಕ್ಕು ಯಾರದು? ಆದರೂ ಮಂಡಲಿಯಲ್ಲಿ ಒಂದೊಂದು ಅಂಗುಲವಾಗಿ ಗೆದ್ದು ಅಭ್ಯಾಸವಾದವಳಿಗೆ ಹೋರಾಟದಲ್ಲಿಯೂ ಅದೇ ನಡೆ ಸಹಜವಾಗಿ ಬಂದಿತೆಂದು ತೋರುತ್ತದೆ. 1870ರಲ್ಲಿ ತಾನೇ ಆರಂಭಿಸಿದ ಸ್ತ್ರೀಮತಾಧಿಕಾರದ ಪತ್ರಿಕೆಯನ್ನು ಕೊನೆಯವರೆಗೂ ಸಂಪಾದಿಸುತ್ತಿದ್ದಳು. ಆರೋಗ್ಯ ಕೆಟ್ಟು ಫ್ರಾನ್ಸಿನ ಬಿಸಿನೀರಿನ ಬುಗ್ಗೆಗಳಿಗೆ ಹೋದವಳು 1890ರ ಜುಲೈ 18ರಂದು ಜಿನೀವಾ ನಗರದಲ್ಲಿ ತೀರಿಕೊಂಡಳು. ಪತ್ರಿಕೆಯು ಆಕೆಯೊಡನೆಯೇ ನಿಂತುಹೋಯಿತು. ಮಂಡಲಿಯು ಇನ್ನೂ ಹನ್ನೆರಡು ವರ್ಷ ಉಳಿಯಿತು.

ಆ ಹನ್ನೆರಡು ವರ್ಷಗಳ ಕೊನೆಯಲ್ಲಿ ನಡೆದುದು ಮುಖ್ಯ. ಮ್ಯಾಂಚೆಸ್ಟರಿನ ಒಬ್ಬ ಬಾಲಿಕೆಯು ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿಯೊಡನೆ ಹೋಗಿ ಬೆಕ್ಕರಳ ಉಪನ್ಯಾಸವನ್ನು ಕೇಳಿದ್ದಳು. ಆಕೆಯೇ ಮುಂದೆ ಎಮಿಲಿನ್ ಪ್ಯಾಂಖರ್ಸ್ಟ್ ಎಂದು ಹೆಸರಾದವಳು. 1900ರ ನವೆಂಬರಿನಲ್ಲಿ ಅವಳೂ ಅದೇ ಶಾಲಾಮಂಡಲಿಗೆ ಆರಿಸಿ ಬಂದಳು. 1902ರ ಶಾಸನವು ಇಂಗ್ಲೆಂಡಿನ ಶಾಲಾಮಂಡಲಿಗಳನ್ನೆಲ್ಲ ರದ್ದುಪಡಿಸಿ ಶಾಲೆಗಳನ್ನು ಕೌಂಟಿ ಮತ್ತು ನಗರಸಭೆಗಳಿಗೆ ವಹಿಸಿತು. ಆ ಸಭೆಗಳಿಗೆ ಸ್ತ್ರೀಯರು ಆಗ ಆರಿಸಿ ಹೋಗುವಂತಿರಲಿಲ್ಲ. ವಿದ್ಯಾಸಮಿತಿಗಳಿಗೆ ಪುರುಷರು ಇಷ್ಟಪಟ್ಟು ಸೇರಿಸಿಕೊಂಡರೆ ಮಾತ್ರ ಅವರಿಗೆ ಸ್ಥಳ. ಮತದಿಂದ ಬಂದವಳು ಕೃಪೆಯಿಂದ ಕೂರಬೇಕಾಯಿತು. 1903ರ ಅಕ್ಟೋಬರಿನಲ್ಲಿ ಪ್ಯಾಂಖರ್ಸ್ಟಳು ಮ್ಯಾಂಚೆಸ್ಟರಿನ ತನ್ನ ಮನೆಯಲ್ಲಿಯೇ ಉಗ್ರ ಸ್ತ್ರೀಮತಾಧಿಕಾರಿಗಳ ಸಂಘವನ್ನು ಸ್ಥಾಪಿಸಿದಳು. ಒಂದು ಶಾಲಾಪೀಠವನ್ನು ಕಿತ್ತುಕೊಂಡುದೇ ಇದಕ್ಕೆ ಕಾರಣವೆಂದರೆ ಅತಿಶಯೋಕ್ತಿಯಾದೀತು. ಕಾರಣಗಳಲ್ಲಿ ಒಂದೆಂದರೆ ಆಗಲಾರದು.

ಇಂಗ್ಲೆಂಡಿನಲ್ಲಿ ಮಂಡಲಿಗಳು ಸತ್ತ 1902ರಲ್ಲಿಯೇ ಮೈಸೂರಿನಲ್ಲಿ ಸ್ಥಳೀಯ ಮಂಡಲಿಗಳ ಶಾಸನವು ಹುಟ್ಟಿದುದು ಚರಿತ್ರೆಯ ಒಂದು ಚೋದ್ಯ. ಅದರ ಮುಂದಿನ ಕಥೆಯನ್ನು 1941ರವರೆಗೆ ಮೇಲೆ ಹೇಳಿದುದಾಗಿದೆ. ಅನಂತರ ಬಹುಕಾಲ ಕನ್ನಡನಾಡಿನ ಈ ಭಾಗದಲ್ಲಿ ಶಾಲೆಯೆಂದರೆ ಇಲಾಖೆ, ಇಲಾಖೆಯೆಂದರೆ ಇನ್‌ಸ್ಪೆಕ್ಟರು. 1983ರ ಶಾಸನದಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಏರ್ಪಟ್ಟಾಗ ಪ್ರಾಥಮಿಕ ಶಾಲೆಗಳು ಮತ್ತೆ ಚುನಾಯಿತರ ಕೈಗೆ ಬಂದವು. ಸ್ಥಾನಗಳಲ್ಲಿ ನೂರಕ್ಕೆ ಇಪ್ಪತ್ತೈದನ್ನು ಸ್ತ್ರೀಯರಿಗೆ ಮೀಸಲಿಟ್ಟಿದ್ದರು. 2001ರ ಏಪ್ರಿಲಿನ ಸರ್ಕಾರಿ ಆಜ್ಞೆಯು ಇನ್ನೂ ಕೆಳಗಿಳಿದು, ಪ್ರತಿಯೊಂದು ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ಕಲ್ಪಿಸಿತು. ಸದಸ್ಯರನ್ನು ಮಕ್ಕಳ ಪೋಷಕರೇ ತಮ್ಮೊಳಗಿಂದ ಆರಿಸಬೇಕು. 2009ರ ಕೇಂದ್ರ ಶಾಸನವು ಇಂತಹ ಸಮಿತಿಗಳಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಿರಬೇಕೆಂದು ವಿಧಿಸಿತು.

ಬೆಕ್ಕರಳು ಏಕಾಂಗಿಯಾಗಿ ಕುಳಿತಿದ್ದ ಪೀಠಕ್ಕೆ ಹೋಲಿಸಿದರೆ ಇದು ದೊಡ್ಡ ಮಾತೇ ಸರಿ. ಮಲೆನಾಡಿನ ಸಣ್ಣ ಶಾಲೆಯೊಂದರಲ್ಲಿ ಹಳ್ಳದಾಚೆಯ ಮನೆಯ ಹೆಂಗಸೂ, ಲೈನ್ ಮನೆಯ ಹೆಂಗಸೂ ಒಂದೇ ಚಾಪೆಯ ಮೇಲೆ ಕುಳಿತು ಸಂಕದ ವಿಷಯವನ್ನೂ ಉಪಾಧ್ಯಾಯರ ವಿಷಯವನ್ನೂ ಕೇಳುವ ಹಕ್ಕು ಈಗ ಕಾಗದದ ಮೇಲಾದರೂ ಇದೆ. ಆದರೆ ಈ ಸಮಿತಿಯಲ್ಲಿ ಇಪ್ಪತ್ತು ವರ್ಷ ಕೂರುವುದು ಸುಲಭವಲ್ಲ. ಐದನೆಯ ತರಗತಿ ಮುಗಿಸಿದ ಮಗುವು ದೂರದ ಶಾಲೆಗೆ ಹೊರಟೊಡನೆ ತಾಯಿಯ ಪೋಷಕತ್ವದ ಅರ್ಹತೆಯೂ ಆ ಶಾಲೆಯಲ್ಲಿ ಮುಗಿಯುತ್ತದೆ. ಕೆಲಸ ಕೈಗೆ ಹತ್ತುವ ಹೊತ್ತಿಗೆ ಪೀಠವು ಇನ್ನೊಬ್ಬಳದಾಗುತ್ತದೆ.