ಬೆಚ್ಚಗಿನ ಮನೆಗೆ ದುಡ್ಡು ಕೊಡೋರು ಯಾರು?

ಕರೆಂಟ್ ಬಿಲ್ಲಿಗೆ ಸರ್ಕಾರದ ಸಹಾಯ ಅಂದ್ರೆ ಈಗ ಊರಲ್ಲಿ ಎಲ್ಲರಿಗೂ ನೆನಪಾಗೋದು 2023ರಲ್ಲಿ ಬಂದ ಗೃಹಜ್ಯೋತಿ. ಅಮೆರಿಕದಲ್ಲೂ ಇಂಥದ್ದೊಂದು ಯೋಜನೆ ಇದೆ, ಅದಕ್ಕೆ ನಲವತ್ತು ವರ್ಷ ದಾಟಿದೆ ಅಂದ್ರೆ ಎಷ್ಟೋ ಜನ ನಂಬೋದಿಲ್ಲ. 'ಅಷ್ಟು ದುಡ್ಡಿರೋ ದೇಶದಲ್ಲಿ ಬಿಲ್ ಕಟ್ಟೋಕಾಗದವರು ಇದ್ದಾರಾ?' ಅಂತ ಕೇಳ್ತಾರೆ. ಇದ್ದಾರೆ. ಹೊರಗೆ ಹಿಮ ಬಿದ್ದಿರುವಾಗ ಹೀಟಿಂಗ್ ಅನ್ನೋದು ಅನ್ನ-ನೀರಿನಷ್ಟೇ ಮುಖ್ಯ. ಅದರ ಬಿಲ್ಲೂ ಹಾಗೇ ಬರುತ್ತೆ!

ಕಥೆ ಶುರುವಾಗೋದು 1973ರ ಅಕ್ಟೋಬರ್‌ನಲ್ಲಿ. ಯುದ್ಧದಲ್ಲಿ ಇಸ್ರೇಲಿಗೆ ಬೆಂಬಲ ಕೊಟ್ಟ ಸಿಟ್ಟಿಗೆ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಬಂತು. ಪೆಟ್ರೋಲ್ ಬಂಕಿನ ಕ್ಯೂಗಳ ಫೋಟೋ ನಾವೆಲ್ಲ ನೋಡಿದ್ದೇವೆ, ಮನೆಯೊಳಗಿನ ಕಷ್ಟ ಅಷ್ಟಾಗಿ ಕಾಣಿಸಲಿಲ್ಲ. ಈಶಾನ್ಯದ ರಾಜ್ಯಗಳಲ್ಲಿ ಎಷ್ಟೋ ಮನೆಗಳ ನೆಲಮಾಳಿಗೆಯಲ್ಲಿ ಒಂದು ಟ್ಯಾಂಕ್ ಇರುತ್ತೆ. ಟ್ರಕ್ಕಿನಲ್ಲಿ ಬಂದು ಅದಕ್ಕೆ ಎಣ್ಣೆ ತುಂಬಿ ಹೋಗ್ತಾರೆ, ಅದು ಉರಿದರೇನೇ ಮನೆ ಬೆಚ್ಚಗೆ. ಆಗ ಮೇಯ್ನ್ ರಾಜ್ಯದಲ್ಲಿ ಬಡವರ ಮನೆಗಳ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊಡೆದು, ಸಂದುಗೊಂದು ಮುಚ್ಚುವ ಕೆಲಸ ಶುರುವಾಯ್ತು. 1976ರಲ್ಲಿ ಇದಕ್ಕೆ ಕೇಂದ್ರದ ಕಾನೂನೇ ಬಂತು.

1977ರ ಜನವರಿಯಲ್ಲಿ ಭಯಂಕರ ಚಳಿ, ಜೊತೆಗೆ ಗ್ಯಾಸ್ ಅಭಾವ. ಆಗಷ್ಟೇ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಫೆಬ್ರವರಿ 2ರಂದು ಸ್ವೆಟರ್ ಹಾಕ್ಕೊಂಡು, ಬೆಂಕಿಗೂಡಿನ ಪಕ್ಕ ಕೂತು ಟಿವಿಯಲ್ಲಿ ಮಾತಾಡಿದರು. ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್ ಇಟ್ಕೊಳ್ಳಿ ಅಂದರು. ನಮ್ಮ ಲೆಕ್ಕದಲ್ಲಿ ಸುಮಾರು 18 ಮತ್ತು 13 ಡಿಗ್ರಿ. ಬಿಲ್ ಕಟ್ಟುವ ಶಕ್ತಿ ಇದ್ದವರಿಗೆ ಈ ಬುದ್ಧಿಮಾತು ಸರಿ. ಇಲ್ಲದವರಿಗೆ? ಅದೇ ವರ್ಷ ಕಾಂಗ್ರೆಸ್ 20 ಕೋಟಿ ಡಾಲರ್ ತುರ್ತು ನೆರವು ಕೊಟ್ಟಿತು.

1979ರಲ್ಲಿ ಇರಾನಿನ ಕ್ರಾಂತಿಯಿಂದ ಬೆಲೆ ಮತ್ತೆ ಏರಿತು. ದೇಶದೊಳಗಿನ ಎಣ್ಣೆಯ ಬೆಲೆ ನಿಯಂತ್ರಣವನ್ನೂ ತೆಗೆಯತೊಡಗಿದ್ದರಿಂದ ಕಂಪನಿಗಳಿಗೆ ಕೂತಲ್ಲೇ ಲಾಭ. ಆ ಲಾಭದ ಮೇಲೆ 1980ರಲ್ಲಿ ತೆರಿಗೆ ಹಾಕಿದರು. ಬಡವರ ಇಂಧನ ಬಿಲ್ಲಿಗೆ ಸಹಾಯ ಮಾಡೋ ಯೋಜನೆಯನ್ನೂ ಅದೇ ಕಾನೂನಿನಲ್ಲಿ ಸೇರಿಸಿದರು. ನನಗೆ ಈ ಇತಿಹಾಸದಲ್ಲಿ ತುಂಬಾ ಹಿಡಿಸಿದ್ದು ಇದೇ. ಬೆಲೆ ಏರಿದ್ದರಿಂದ ಯಾರಿಗೆ ಲಾಭವೋ, ಅವರ ಲೆಕ್ಕದಿಂದ ನಡುಗುವವರಿಗೆ ಒಂದು ಪಾಲು!

ಆದರೆ ಆ ನಂಟು ಬಹಳ ದಿನ ಉಳಿಯಲಿಲ್ಲ. 1981ರಲ್ಲಿ ರೇಗನ್ ಕಾಲದಲ್ಲಿ ಇದು ರಾಜ್ಯಗಳಿಗೆ ಕೊಡುವ ಅನುದಾನವಾಯ್ತು, 'ಲೈಹೀಪ್' ಅನ್ನೋ ಹೆಸರು ಬಂತು. 1988ರಲ್ಲಿ ತೆರಿಗೆಯೇ ರದ್ದಾಯ್ತು. ಯೋಜನೆ ಉಳೀತು, ಆದರೆ ಪ್ರತಿವರ್ಷ ಬಜೆಟ್ಟಿನ ಮುಂದೆ ಕೈಯೊಡ್ಡಿ ನಿಲ್ಲೋ ಹಾಗಾಯ್ತು. 2009ರಲ್ಲಿ ಸಿಕ್ಕಿದ್ದು ಸುಮಾರು 510 ಕೋಟಿ ಡಾಲರ್. ಆಮೇಲೆ ಮತ್ತೆ ಇಳೀತು. 2025ರ ಏಪ್ರಿಲ್‌ನಲ್ಲಂತೂ ವಾಷಿಂಗ್ಟನ್ನಿನಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿಯನ್ನೇ ಕೆಲಸದಿಂದ ತೆಗೆದರು.

ಇನ್ನು ಬಿಸಿಲಿನ ಮಾತು. ಯೋಜನೆ ಹುಟ್ಟಿದ್ದು ಚಳಿಗಾಗಿ. 1995ರ ಜುಲೈನಲ್ಲಿ ಶಿಕಾಗೋದ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಒಂಟಿಯಾಗಿದ್ದ ಬಡ ವೃದ್ಧರೇ ಬಹಳ. ಎಸಿ ಬಿಲ್ಲೂ ಜೀವದ ಪ್ರಶ್ನೆ ಅಂತ ಆಗ ಗೊತ್ತಾಯ್ತು.

ಗೃಹಜ್ಯೋತಿಗೆ ಒಮ್ಮೆ ನೋಂದಾಯಿಸಿದರೆ ಆಯ್ತು, ತಿಂಗಳ ಬಿಲ್ಲಿನಲ್ಲೇ ಕಳೀತಾರೆ. ಬಡವ-ಬಲ್ಲಿದ ಅಂತಿಲ್ಲ. ಇಲ್ಲಿ ಆದಾಯದ ಪುರಾವೆ ಕೊಟ್ಟು ವರ್ಷವರ್ಷ ಅರ್ಜಿ ಹಾಕಬೇಕು. ದುಡ್ಡು ಸಾಮಾನ್ಯವಾಗಿ ನೇರ ಕಂಪನಿಗೆ ಹೋಗುತ್ತೆ. ಇದು ಹಕ್ಕಲ್ಲ. ಆ ವರ್ಷದ ಹಣ ಮುಗಿದರೆ ಅರ್ಹರಿಗೂ ಇಲ್ಲ, ಅರ್ಹರಲ್ಲಿ ಬಹುಪಾಲು ಮನೆಗಳಿಗೆ ಇದು ತಲುಪೋದೇ ಇಲ್ಲ.

ಹಾಗಾಗಿ ನಿಮ್ಮ ಅಕ್ಕಪಕ್ಕ ಕಷ್ಟದಲ್ಲಿರೋ ಹಿರಿಯರಿದ್ದರೆ, ಚಳಿ ಶುರುವಾಗೋ ಮೊದಲೇ 211ಕ್ಕೆ ಫೋನ್ ಮಾಡಿ ಕೇಳೋಕೆ ಹೇಳಿ. ಜನವರಿಯ ತನಕ ಕಾಯೋದು ಬೇಡ.