ಗಾಳಿ ಎಲ್ಲಿಂದ ಹೋಯಿತು?

ದೊಡ್ಡ ತಪ್ಪು ಬೇಗ ಸಿಗುತ್ತದೆ, ಸಣ್ಣದು ಕಾಡುತ್ತದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲಕ್ಷ ರೂಪಾಯಿಯ ವ್ಯತ್ಯಾಸ ಹತ್ತು ನಿಮಿಷದಲ್ಲಿ ಬಯಲಾಗುತ್ತದೆ. ಒಂಬತ್ತು ರೂಪಾಯಿಯ ವ್ಯತ್ಯಾಸ ಕೊನೆಯ ಲೋಕಲ್ ತಪ್ಪಿಸುತ್ತದೆ. ಕಾರಿನ ಚಕ್ರದ ಗಾಳಿಯದೂ ಇದೇ ಕಥೆ. ಮೊಳೆ ಹೊಕ್ಕರೆ ಪಂಕ್ಚರ್ ಅಂಗಡಿಯವನು ಎರಡು ನಿಮಿಷದಲ್ಲಿ ತೋರಿಸಿಬಿಡುತ್ತಾನೆ. ಆದರೆ ವಾರಕ್ಕೆ ಐದಾರು ಪಿ.ಎಸ್.ಐ.ನಂತೆ ಸದ್ದಿಲ್ಲದೆ ಇಳಿಯುವ ಗಾಳಿ? ಅದೂ ಹೊಸದಾಗಿ ಬಣ್ಣ ಹೊಡೆಸಿಕೊಂಡು ಥಳಥಳಿಸುತ್ತಿರುವ ಅಲಾಯ್ ಚಕ್ರದಿಂದ?

ನಮ್ಮ ಐರೋಲಿಯಲ್ಲಿ ಈ ದೂರು ಆಗಾಗ ಕೇಳಿಬರುತ್ತದೆ. ಪಶ್ಚಿಮಕ್ಕೆ ಠಾಣೆಯ ಖಾಡಿ, ಪೂರ್ವಕ್ಕೆ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು, ನಡುವೆ ನಾವು. ಉಪ್ಪುಗಾಳಿಗೆ ಕಿಟಕಿಯ ಗ್ರಿಲ್ಲೇ ಉಳಿಯುವುದಿಲ್ಲ, ಇನ್ನು ರಸ್ತೆಯ ನೀರು ಕುಡಿಯುವ ಕಾರಿನ ಚಕ್ರದ ಗತಿ ಏನು! ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಅಲಾಯ್ ಚಕ್ರದ ಮೇಲೆ ಬಿಳಿ ಹೊಟ್ಟು ಏಳುತ್ತದೆ. ಬಣ್ಣ ಹೊಡೆಸುತ್ತೇವೆ. ಬಣ್ಣ ಹೊಡೆಸಿದ ಮೇಲೆ ಗಾಳಿ ನಿಲ್ಲುವುದಿಲ್ಲ. ಬಣ್ಣಕ್ಕೂ ಗಾಳಿಗೂ ಏನು ಸಂಬಂಧ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮೂರ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಇರುತ್ತಿತ್ತು. ಅದನ್ನು ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ ನೀರು ಹೊಯ್ದರೆ ಕುಗ್ಗಿ ಬಿಗಿಯಾಗಿ ಕೂರುತ್ತಿತ್ತು. ಅಲ್ಲಿ ಗಾಳಿಯ ಪ್ರಶ್ನೆಯೇ ಇಲ್ಲ. ಚಕ್ರದೊಳಗೆ ಗಾಳಿ ತುಂಬುವ ಯೋಚನೆಗೆ 1845ರಲ್ಲಿ ಪೇಟೆಂಟ್ ಪಡೆದವನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು. ರಬ್ಬರ್ ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ, ಕುದುರೆ ಗಾಡಿಗೆ. ಒಂದು ಜೊತೆ 1,200 ಮೈಲಿ ಓಡಿತಂತೆ. ಆದರೆ ಕಾರೇ ಇಲ್ಲದ ಕಾಲವದು, ಯೋಚನೆ ಮೂಲೆ ಸೇರಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಥಾಮ್ಸನ್ ಮೊದಲೇ ಹೇಳಿದ್ದನಲ್ಲ ಎಂದು ಅವನ ಪೇಟೆಂಟ್ ಆಮೇಲೆ ರದ್ದಾಯಿತು. ಹೆಸರು ಮಾತ್ರ ಡನ್‌ಲಪ್‌ನದೇ ಉಳಿಯಿತು.

ಡನ್‌ಲಪ್ ಟಯರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. ಪಂಕ್ಚರ್ ಆದರೆ ಗಂಟೆಗಟ್ಟಲೆ ಕೆಲಸ. 1891ರಲ್ಲಿ ಮಿಶೆಲಿನ್ ಸೋದರರು ಬಿಚ್ಚಿ ಹಾಕಬಹುದಾದ ಸೈಕಲ್ ಟಯರ್ ತಂದರು. ಅದೇ ವರ್ಷ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಪಂದ್ಯ ಗೆದ್ದ ಷಾರ್ಲ್ ತೆರೋಂನ ಸೈಕಲ್ಲಿಗೆ ಅದೇ ಇತ್ತು. ಇಂದಿಗೂ ಕಾರುಗಳಲ್ಲಿರುವ ಶ್ರೇಡರ್ ವಾಲ್ವ್ ಕೂಡ 1890ರ ದಶಕದ್ದೇ.

ಅಲ್ಲಿಂದ ಅರ್ಧ ಶತಮಾನ ಟ್ಯೂಬಿನ ರಾಜ್ಯಭಾರ. ಗಾಳಿ ಹಿಡಿಯುವುದು ಟ್ಯೂಬಿನ ಕೆಲಸ, ಪೆಟ್ಟು ತಿನ್ನುವುದು ಟಯರಿನದು, ಭಾರ ಹೊರುವುದು ರಿಮ್ಮಿನದು. ಲೆಕ್ಕ ಸ್ವಚ್ಛ. ಗಾಳಿ ಇಳಿಯಿತೆಂದರೆ ಆರೋಪಿ ಟ್ಯೂಬ್ ಅಥವಾ ಅದರ ವಾಲ್ವ್. ನೀರಿನ ತೊಟ್ಟಿಯಲ್ಲಿ ಅದ್ದಿದರೆ ಗುಳ್ಳೆ ಎದ್ದೇ ಏಳಬೇಕು. ಖಾಡಿಯ ಆಚೆ ದಡದ ಭಾಂಡೂಪ್‌ನಲ್ಲಿ ಸಿಯೆಟ್ ಟಯರ್ ಮಾಡುತ್ತಿದ್ದ ಕಾಲದಲ್ಲೂ, ನಮ್ಮ ಮೈಸೂರಿನಲ್ಲಿ ವಿಕ್ರಾಂತ್ ಟಯರ್ಸ್ ಇದ್ದ ಕಾಲದಲ್ಲೂ (1997ರಲ್ಲಿ ಅದು ಜೆ.ಕೆ. ಪಾಲಾಯಿತು) ಅಂಬಾಸಡರ್, ಫಿಯೆಟ್ ಇಟ್ಟುಕೊಂಡವರಿಗೆ ಇಷ್ಟು ಗೊತ್ತಿದ್ದರೆ ಸಾಕಿತ್ತು. 1983ರ ಮಾರುತಿ 800 ಬಂದಾಗಲೂ ಒಳಗೆ ಟ್ಯೂಬೇ. ರಿಮ್ಮಿಗೆ ಬಣ್ಣ ಹೋಗಲಿ, ತುಕ್ಕು ಹಿಡಿಯಲಿ, ಗಾಳಿ ಅದನ್ನು ಮುಟ್ಟುತ್ತಲೇ ಇರಲಿಲ್ಲ.

ಬದಲಾವಣೆ ಬಂದಿದ್ದು ಅಮೆರಿಕದ ಏಕ್ರನ್‌ನಿಂದ. ಅಲ್ಲಿ ಬಿ.ಎಫ್. ಗುಡ್‌ರಿಚ್ ಕಂಪನಿಯ ಫ್ರಾಂಕ್ ಹರ್ಜೆ ಟ್ಯೂಬನ್ನೇ ತೆಗೆದುಹಾಕಿದ. 1952ರಲ್ಲಿ ಪೇಟೆಂಟ್ ಸಿಕ್ಕಿತು. 1955ರ ಹೊತ್ತಿಗೆ ಅಲ್ಲಿನ ಹೊಸ ಕಾರುಗಳಲ್ಲಿ ಟ್ಯೂಬ್‌ಲೆಸ್ ಸಾಮಾನ್ಯವಾಯಿತು. ನಮ್ಮಲ್ಲಿ ಕಾರುಗಳಿಗೆ ಅದು ರೂಢಿಯಾಗಲು ಹೊಸ ಶತಮಾನವೇ ಬರಬೇಕಾಯಿತು. ಲಾಭ ದೊಡ್ಡದು: ಮೊಳೆ ಹೊಕ್ಕರೂ ಟಯರ್ ಒಮ್ಮೆಲೇ ಕುಸಿಯುವುದಿಲ್ಲ. ಆದರೆ ಟ್ಯೂಬ್ ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು? ಅರ್ಧ ಟಯರಿನ ಒಳಪದರಕ್ಕೆ, ಇನ್ನರ್ಧ ರಿಮ್ಮಿಗೆ. ರಿಮ್ ಈಗ ಬರೀ ಭಾರ ಹೊರುವ ಆಳಲ್ಲ, ಗಾಳಿಯ ಖಜಾಂಚಿ ಕೂಡ. ಟಯರಿನ ಅಂಚು, ಅಂದರೆ ಬೀಡ್, ರಿಮ್ಮಿನ ಮೇಲೆ ಕೂರುವ ಬೆರಳಗಲದ ಆ ಪಟ್ಟಿಯೇ ಬೀಗ.

ಅಲ್ಯೂಮಿನಿಯಂ ಚಕ್ರಗಳು ಅದಕ್ಕೂ ಹಳೆಯವು. 1924ರಲ್ಲಿ ಲಿಯೋನ್ ಪಂದ್ಯಕ್ಕೆ ಎತ್ತೋರೆ ಬುಗಾಟಿ ತನ್ನ ಟೈಪ್ 35 ಕಾರನ್ನು ಎರಕದ ಅಲ್ಯೂಮಿನಿಯಂ ಚಕ್ರದ ಮೇಲೆ ನಿಲ್ಲಿಸಿದ್ದ. ಆದರೆ ಎರಕ ಎಂದರೆ ಒಳಗೆ ಸೂಜಿಮೊನೆಗಿಂತ ಸಣ್ಣ ರಂಧ್ರಗಳು ಉಳಿಯುವ ಸಾಧ್ಯತೆ. ಕಾರ್ಖಾನೆಯ ಬಣ್ಣ ಅಂಥವನ್ನು ಮುಚ್ಚಿರುತ್ತದೆ.

ಈಗ ಬಣ್ಣದವನ ಕೆಲಸ ನೋಡಿ. ಚಕ್ರದ ಹಳೆಯ ಬಣ್ಣವನ್ನು ರಾಸಾಯನಿಕದಲ್ಲಿ ಅದ್ದಿ ಅಥವಾ ಮರಳು ಹೊಡೆದು ತೆಗೆಯುತ್ತಾನೆ. ಪುಡಿ ಬಣ್ಣ ಸಿಂಪಡಿಸಿ 200 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾನೆ. ಎಲ್ಲ ಸರಿ. ಆದರೆ ಎಡವಟ್ಟಾಗಲು ನಾಲ್ಕು ಜಾಗಗಳಿವೆ. ಒಂದು, ಬೀಡ್ ಕೂರುವ ಪಟ್ಟಿಯ ಮೇಲಿನ ಬಿಳಿ ಹೊಟ್ಟನ್ನು ಪೂರ್ತಿ ತೆಗೆಯದೆ ಮೇಲೆಯೇ ಬಣ್ಣ ಹೊಡೆಯುವುದು. ಅಲ್ಯೂಮಿನಿಯಂ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ; ಕೆಳಗಿನಿಂದ ಉಬ್ಬಿ ಬಣ್ಣವನ್ನು ಎತ್ತುತ್ತದೆ, ಆ ಪೊಳ್ಳಿನಲ್ಲಿ ಗಾಳಿ ದಾರಿ ಮಾಡಿಕೊಳ್ಳುತ್ತದೆ. ಎರಡು, ಅದೇ ಪಟ್ಟಿಯ ಮೇಲೆ ಬಣ್ಣ ದಪ್ಪವಾಗಿ, ಗಂಟುಗಂಟಾಗಿ ಕೂರುವುದು. ಮೂರು, ವಾಲ್ವ್ ಕೂರುವ ತೂತಿನ ಅಂಚಿನಲ್ಲಿ ಬಣ್ಣ ಕಟ್ಟಿಕೊಂಡು ರಬ್ಬರ್ ಸರಿಯಾಗಿ ಒತ್ತದಿರುವುದು. ನಾಲ್ಕು, ಹಳೆಯ ಬಣ್ಣ ಮುಚ್ಚಿದ್ದ ಎರಕದ ರಂಧ್ರವೋ, ಗುಂಡಿಗೆ ಬಿದ್ದಾಗಿನ ಕೂದಲೆಳೆಯ ಬಿರುಕೋ ಬಿಚ್ಚಿಕೊಳ್ಳುವುದು.

ಕಳೆದ ವರ್ಷ ನನ್ನ ಕಾರಿನ ನಾಲ್ಕೂ ಚಕ್ರಕ್ಕೆ ಬಣ್ಣ ಮಾಡಿಸಿದೆ. ಮೂರು ಸರಿ ಇದ್ದವು, ಒಂದು ಸೋರತೊಡಗಿತು. ಬಣ್ಣದ ಅಂಗಡಿಯವರು "ಟಯರ್ ಹಳೆಯದು, ಹೊಸದು ಹಾಕಿಸಿ" ಎಂದರು. ಟಯರ್ ಅಂಗಡಿಯವರು "ರಿಮ್ಮಿನ ತೊಂದರೆ" ಎಂದರು. ಆರೇಳು ಸಾವಿರ ರೂಪಾಯಿಯ ಪ್ರಶ್ನೆ, ನಡುವೆ ನಾನು!

ಮೊದಲು ಅಳತೆ. ದಿನಾ ಬೆಳಿಗ್ಗೆ, ಕಾರು ಓಡಿಸುವ ಮೊದಲು, ಒಂದೇ ಗೇಜಿನಿಂದ ನಾಲ್ಕೂ ಚಕ್ರದ ಒತ್ತಡ ಬರೆದಿಟ್ಟೆ. ತಾಪಮಾನ ಐದಾರು ಡಿಗ್ರಿ ಇಳಿದರೆ ಒತ್ತಡ ಸುಮಾರು 1 ಪಿ.ಎಸ್.ಐ. ತಾನಾಗಿ ಇಳಿಯುತ್ತದೆ, ಆರೋಗ್ಯವಂತ ಟಯರೂ ತಿಂಗಳಿಗೆ ಒಂದೆರಡು ಬಿಡುತ್ತದೆ. ಉಳಿದ ಮೂರು ಚಕ್ರಗಳೇ ಇದಕ್ಕೆ ಸಾಕ್ಷಿ. ಅವು 32ರ ಹತ್ತಿರ ನಿಂತಿರುವಾಗ ನಾಲ್ಕನೆಯದು ವಾರದಲ್ಲಿ 26ಕ್ಕೆ ಬಂದರೆ ಹವೆಯನ್ನು ದೂರುವಂತಿಲ್ಲ. ಆಮೇಲೆ ಸೋಪು ನೀರು: ವಾಲ್ವಿನ ಬಾಯಿ, ಬುಡ, ಟಯರಿನ ಮೈ, ಎರಡೂ ಬದಿಯ ಬೀಡ್, ಕೊನೆಗೆ ಚಕ್ರ ಬಿಚ್ಚಿ ರಿಮ್ಮಿನ ಒಳಭಾಗ. ಹಚ್ಚಿ ಹತ್ತು ನಿಮಿಷ ಕಾಯಬೇಕು, ಇದು ಅವಸರದವರ ಕೆಲಸವಲ್ಲ. ನನ್ನದರಲ್ಲಿ ಒಳಬದಿಯ ಬೀಡಿನ ಒಂದು ಕಡೆ ಸಾಸಿವೆಯಷ್ಟು ನೊರೆ ಕಟ್ಟಿತು.

ಆದರೆ ತಪ್ಪು ರಬ್ಬರಿನದೋ ಲೋಹದ್ದೋ? ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು ಎಂದು ನಮ್ಮ ಹಳೆಯ ಹೆಡ್ ಕ್ಲಾರ್ಕ್‌ಗಳು ಹೇಳುತ್ತಿದ್ದರು. ಚಕ್ರಕ್ಕೂ ಅಂಥದೊಂದು ಉಪಾಯ ಇದೆ. ಗುಳ್ಳೆ ಬಂದ ಜಾಗದಲ್ಲಿ ಟಯರಿಗೂ ರಿಮ್ಮಿಗೂ ಸೀಮೆಸುಣ್ಣದ ಗುರುತು ಹಾಕಿ, ಟಯರನ್ನು ಅದೇ ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ, ಮತ್ತೆ ಗಾಳಿ ತುಂಬಿ. ಗುಳ್ಳೆ ಟಯರಿನ ಗುರುತಿನ ಜೊತೆ ಹೋದರೆ ಟಯರ್, ರಿಮ್ಮಿನ ಗುರುತಿನಲ್ಲೇ ಉಳಿದರೆ ರಿಮ್. ಅದು ರಿಮ್ಮಿನಲ್ಲೇ ಉಳಿಯಿತು. ಟಯರ್ ಬಿಚ್ಚಿ ಆ ಜಾಗ ಕೆರೆದರೆ ಹೊಸ ಬಣ್ಣದಡಿ ಹಳೆಯ ಬಿಳಿ ಹೊಟ್ಟು! ಬಣ್ಣದ ಅಂಗಡಿಯವರು ಮರುಮಾತಾಡದೆ ಲೋಹ ಕಾಣುವ ತನಕ ಉಜ್ಜಿ, ಬೀಡ್ ಸೀಲರ್ ಹಚ್ಚಿ ಕೊಟ್ಟರು. ಟಯರ್ ಇಂದಿಗೂ ಅದೇ.

ಇಷ್ಟು ತಲೆ ಕೆಡಿಸಿಕೊಳ್ಳಬೇಕೇ, ವಾರಕ್ಕೊಮ್ಮೆ ಗಾಳಿ ತುಂಬಿಸಿದರಾಯಿತಲ್ಲ ಎನ್ನುವವರಿದ್ದಾರೆ. ಊರೊಳಗೆ ಸರಿ. ಆದರೆ ನಾವು ಊರಿಗೆ ಹೋಗುವುದು ಪುಣೆ ಎಕ್ಸ್‌ಪ್ರೆಸ್‌ವೇ ಹಿಡಿದು, ಹೆಂಡತಿ ಮಕ್ಕಳು, ಡಿಕ್ಕಿ ತುಂಬ ಸಾಮಾನಿನೊಂದಿಗೆ. ಗಾಳಿ ಕಡಿಮೆಯಾದ ಟಯರಿನ ಪಕ್ಕೆ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುತ್ತದೆ, ಬಿಸಿಯಾಗುತ್ತದೆ, ಪದರ ಬಿಡುತ್ತದೆ, ವೇಗದಲ್ಲಿ ಸಿಡಿಯುತ್ತದೆ. ಟಯರ್ ಒಡೆದು ಜನ ಸತ್ತ ಮೇಲೆ ಅಮೆರಿಕ 2000ದಲ್ಲಿ ಕಾನೂನು ತಂದಿತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಒತ್ತಡ ಇಳಿದರೆ ಎಚ್ಚರಿಸುವ ಯಂತ್ರ ಕಡ್ಡಾಯವಾಯಿತು. ಬಿರುಕು ಬಿಟ್ಟ ರಿಮ್ಮಂತೂ ಸೀಲರಿನಿಂದ ವಾಸಿಯಾಗುವ ಕಾಯಿಲೆಯಲ್ಲ, ಬದಲಿಸುವುದೇ ದಾರಿ.

ಚಕ್ರಕ್ಕೆ ಬಣ್ಣ ಹೊಡೆಸುವವರು ಟಯರ್ ತೊಡಿಸುವ ಮೊದಲು ಒಮ್ಮೆ ಅಂಗಡಿಗೆ ಹೋಗಿ, ಬೀಡ್ ಕೂರುವ ಪಟ್ಟಿಯ ಮೇಲೆ ಸುತ್ತಲೂ ಬೆರಳಾಡಿಸಿ ನೋಡಿ. ನುಣುಪಾಗಿರಬೇಕು. ಉಬ್ಬು, ತರಿ ಸಿಕ್ಕರೆ ಅಲ್ಲೇ ವಾಪಸು ಕೊಡಿ.